ಪರ್ಲ್‌ಗೆ ಎರಡು ರೆಕ್ಕೆ

ಅಲ್ಲ, ಆ ಚಾಕು ಕೆಳಗಿಡು ಮೊದಲು. ಚಾಕು ಹಿಡ್ಕೊಂಡಿರೋರ ಹತ್ರ ಜಗಳ ಆಡೋಕೆ ನನಗೆ ಭಯ... ಇಡಲ್ವಾ? ಸರಿ, ಸುಲಿ. ಆಲೂಗಡ್ಡೆನೇ ಸುಲಿ. ಸುಲೀತಾನೇ ಕೇಳು. ಆದ್ರೆ ಕೇಳು ಗ್ಲೆನಿಸ್! ಒಡಹುಟ್ಟಿದ ತಮ್ಮ, ಭಾನುವಾರ, ಊಟಕ್ಕೆ ಕರೀದೇನೇ ಬಂದು ಅಡುಗೆಮನೇಲಿ ಕೂತಿದಾನೆ. ಏನಪ್ಪ ಆಯ್ತು ನಿನಗೆ ಅಂತ ಒಂದು ಮಾತು ಕೇಳಲ್ವಲ್ಲ ನೀನು!

ಹೂಂ, ಲ್ಯಾಪ್‌ಟಾಪೇ. ಕೂಗಾಡೋಕೆ ಬಂದೋನು ಲ್ಯಾಪ್‌ಟಾಪ್ ಯಾಕೆ ತಂದ ಅಂತ ನೋಡ್ತಿದೀಯ. ಹೇಳ್ತೀನಿ. ಆ ಬೋಗುಣಿ ಸ್ವಲ್ಪ ಆಚೆ... ಮುಟ್ಟಬಾರ್ದಾ? ಆಯ್ತಮ್ಮ, ಮುಟ್ಟಲ್ಲ. ಪುಡಿಂಗ್ ಹಿಟ್ಟು ಅಲ್ಲೇ ನೆನೀಲಿ, ನಾನು ಈ ಮೂಲೇಲೇ ಇಟ್ಕೋತೀನಿ.

ನಿನ್ನೆ ನನ್ನ ಮಾನ ಹರಾಜಾಯ್ತು ಅಕ್ಕ. ನಲವತ್ತು ಜನದ ಎದುರಿಗೆ. ಅದಕ್ಕೆ ಕಾರಣ ಯಾರು ಗೊತ್ತಾ? ನೀನು.

ಹುಬ್ಬು ಏರಿಸ್ಬೇಡ. ನೀನೇ!

ಚರ್ಚಿನ ಪಕ್ಕದ ಸಭಾಂಗಣದಲ್ಲಿ ಪ್ರತಿ ಶನಿವಾರ ಹಳೇ ಕಂಪ್ಯೂಟರ್ ಹುಚ್ಚಿನೋರು ಸೇರ್ತಾರಲ್ಲ, ಅಲ್ಲಿಗೆ ಹೋಗಿದ್ದೆ. ಹೋಗಿದ್ದೆ ಏನು, ಕರೆಸಿದ್ರು. ಸೈಮಾ ಅಂತ ಒಂದು ಹುಡುಗಿ, ಇಪ್ಪತ್ತಾರೋ ಇಪ್ಪತ್ತೇಳೋ, ಅವಳೇ ಎಲ್ಲ ನಡೆಸೋದು. ನಾವು ಆ ರಬ್ಬರ್ ಕೀ ಒತ್ತಿ ಒತ್ತಿ ಬೆರಳು ಸವೆಸ್ತಿದ್ದಾಗ ಅವಳು ಹುಟ್ಟೇ ಇರ್ಲಿಲ್ಲ. ಆದ್ರೂ ನಮ್ಮ ಆ ಹಳೇ ಸ್ಪೆಕ್ಟ್ರಮ್ ಕಂಪ್ಯೂಟರ್ ಬಗ್ಗೆ ಮಾತಾಡೋಕೆ ನಿಂತ್ರೆ ನಾನು ಬಾಯಿ ಮುಚ್ಕೊಂಡು ಕೂರ್ಬೇಕು, ಹಾಗೆ ಮಾತಾಡ್ತಾಳೆ. ಅವಳಿಗೆ ಇಂಟರ್‌ನೆಟ್ಟಲ್ಲಿ ಎಲ್ಲೋ ನನ್ನ ಆಟದ ಕ್ಯಾಸೆಟ್ಟಿನ ನಕಲು ಸಿಕ್ಕಿದೆ, ಆಗ ಆಟಗಳೂ ಹಾಡಿನ ಹಾಗೆ ಕ್ಯಾಸೆಟ್ಟಲ್ಲೇ ಬರ್ತಿದ್ವಲ್ಲ. ‘ಮನೆಗೆ ಬಾ, ಪರ್ಲ್’. ನೆನಪಿದೆ ತಾನೇ? ... ಸಿಪ್ಪೆ ದಪ್ಪ ಹೋಗ್ತಿದೆ ನೋಡು.

ಹೋದ್ರೆ, ಬಾಗಿಲಲ್ಲೇ ಬೋರ್ಡು! ‘ನಮ್ಮೂರಿನವರೇ ಆದ ನೆವಿಲ್ ಓಲ್ಡ್‌ರಾಯ್ಡ್, 1985ರ ಆಟದ ಕರ್ತೃ, ಇಂದು ನಮ್ಮ ಜೊತೆ’. ನೀಲಿ ಕೋಟು ಹಾಕ್ಕೊಂಡು ಹೋಗಿದ್ದೆ. ಇಪ್ಪತ್ತೆರಡು ವರ್ಷದಿಂದ ಸೋಫಾ ಅಂಗಡೀಲಿ ಬೇರೆಯವರನ್ನ ‘ಕೂತು ನೋಡಿ ಸಾರ್, ಕೂತು ನೋಡಿ ಮೇಡಂ’ ಅಂತ ಕೂರಿಸ್ತಾ ನಿಂತಿದ್ದೋನಿಗೆ, ಮೊದಲ ಸಲ ಯಾರೋ ಕುರ್ಚಿ ಎಳೆದು ಕೂರಿಸಿದ್ರು. ನಗ್ಬೇಡ. ನಿನಗೆ ಅದು ಅರ್ಥ ಆಗಲ್ಲ. ನೀನು ಬಸ್ಸು ಓಡಿಸೋಳು, ದಿನಾ ಕೂತ್ಕೊಂಡೇ ಇರ್ತೀಯ.

ಎಮ್ಯುಲೇಟರ್ ಅಂತಾರೆ ಅದಕ್ಕೆ. ಹೊಸ ಕಂಪ್ಯೂಟರು ಹಳೇ ಕಂಪ್ಯೂಟರಿನ ವೇಷ ಹಾಕೋದು. ಅದೇ ಕೀರಲು ಸದ್ದು, ಅದೇ ಬಣ್ಣದ ಪಟ್ಟೆಗಳು. ಕ್ಯಾಸೆಟ್ಟು ಕಿರುಚಾಡಿ ಮುಗಿಸಿದ್ಮೇಲೆ ಕಪ್ಪು ಪರದೆ ಮೇಲೆ ಬಿಳೀ ಅಕ್ಷರ. ‘ಬರೆದವರು: ನೆವಿಲ್ ಓಲ್ಡ್‌ರಾಯ್ಡ್’. ಚಪ್ಪಾಳೆ ಅಂದ್ರೆ ಚಪ್ಪಾಳೆ! ಆಮೇಲೆ ಪರ್ಲ್ ಬಂದ್ಲು. ಸಮುದ್ರದ ಆಚೆ, ಫ್ರಾನ್ಸಿನ ದೀಪಸ್ತಂಭದ ಮೇಲೆ, ಅಪ್ಪನ ಪಾರಿವಾಳ, ಕತ್ತು ಕೊಂಕಿಸ್ಕೊಂಡು ಕೂತಿದ್ಲು. ಕೊರಳ ಹತ್ರ ಆ ಒಂದು ಬಿಳೀ ಚುಕ್ಕೆ ಸಮೇತ.

‘ಆಡಿ ತೋರಿಸಿ’ ಅಂದ್ರು.

ಕ್ಯೂ ಒತ್ತಿದೆ. ಎ ಒತ್ತಿದೆ. ಓ, ಪಿ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಈ ದೇಶದಲ್ಲಿ ನಮ್ಮ ವಯಸ್ಸಿನ ಯಾರನ್ನ ಬೇಕಾದ್ರೂ ನಿದ್ದೆಯಿಂದ ಎಬ್ಬಿಸಿ ಕೇಳು, ಆಟ ಆಡೋಕೆ ಯಾವ ಕೀ ಅಂದ್ರೆ ಕ್ಯೂ ಎ ಓ ಪಿ ಅಂತಾರೆ. ಪರ್ಲ್ ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ!

‘ಜಾಯ್‌ಸ್ಟಿಕ್ ಇರ್ಬೇಕು’ ಅಂದ ಒಬ್ಬ. ಸರಿ, ಜಾಯ್‌ಸ್ಟಿಕ್ ಚುಚ್ಚಿದ್ರು. ಆ ಕಾಲದಲ್ಲಿ ಜಾಯ್‌ಸ್ಟಿಕ್ಕೂ ಒಂದೊಂದು ಕಂಪನೀದು ಒಂದೊಂದು ಥರ ಅಲ್ವಾ, ಎಮ್ಯುಲೇಟರಿನಲ್ಲಿ ಅದಕ್ಕೆಲ್ಲ ಒಂದು ಪಟ್ಟಿ ಇದೆ. ಮೊದಲನೇದು ಹಾಕಿದ್ರು, ಇಲ್ಲ. ಎರಡನೇದು, ಇಲ್ಲ. ಬಾಣದ ಕೀ, ಇಲ್ಲ. ಗಡ್ಡದೋನು ಒಬ್ಬ ‘ಈ ಎಮ್ಯುಲೇಟರೇ ಸರಿ ಇಲ್ಲ’ ಅಂತ ಬೇರೆ ಇಳಿಸಿದ. ಅದೂ ಆಗ್ಲಿಲ್ಲ ಅಂತ ಮೂರನೇದು ಇಳಿಸಿದ. ಅಕ್ಷರ ಒಂದೊಂದೇ ಒತ್ತಿದ್ರು, ಅಂಕಿ ಒಂದೊಂದೇ ಒತ್ತಿದ್ರು. ಯಾರದೋ ಮೊಣಕೈ ಶಿಫ್ಟಿನ ಮೇಲೆ ಬಿದ್ದು, ಒಂದು ರೆಕ್ಕೆ ಪಟಪಟ ಅಂತು. ಚಿತ್ರದ ಕುಣಿತ ಇರ್ಬೇಕು ಅಂದ್ರು. ಅಷ್ಟರಲ್ಲಿ, ಶಿಫ್ಟು ಐದು ಸಲ ಬಿದ್ರೆ ಟಣ್ ಅಂತ ಒಂದು ಪೆಟ್ಟಿಗೆ ಎದ್ದು ‘ಏನಾದ್ರೂ ಸಹಾಯ ಬೇಕಾ’ ಅನ್ನೋ ಥರ ಕೇಳುತ್ತಲ್ಲ, ಅದು ಎದ್ದು ನಿಂತು ಎಲ್ಲರೂ ಗೊಳ್ಳೆಂದು ನಕ್ರು. ಕಂಪ್ಯೂಟರಿಗೇ ನನ್ನ ಮೇಲೆ ಕನಿಕರ ಬಂದಿತ್ತು ನೋಡು.

ಆಗ ಹಿಂದಿನ ಸಾಲಿಂದ ಒಬ್ಬ ಮುದುಕ ಎದ್ದ. ‘ನಾನು ಎಂಬತ್ತೈದರಲ್ಲೇ ಇದನ್ನ ಕೊಂಡಿದ್ದೆ, ಆಗ್ಲೂ ಇದು ಓಡ್ಲಿಲ್ಲ, ಅಂಗಡಿಗೆ ವಾಪಸ್ ಕೊಟ್ಟೆ’ ಅಂದ! ನಲವತ್ತು ವರ್ಷ ಕಾದಿದಾನೆ ಮಹಾರಾಯ, ಅದನ್ನ ಹೇಳೋಕೆ. ನೆಲ ಬಾಯಿ ಬಿಟ್ಟು ನನ್ನ ನುಂಗಬಾರ್ದಾ ಅನ್ನಿಸ್ತು.

ಸೈಮಾ ಒಳ್ಳೇ ಹುಡುಗಿ. ಮೆತ್ತಗೆ ಹತ್ರ ಬಂದು ಕೇಳಿದ್ಲು. ‘ಮಿಸ್ಟರ್ ಓಲ್ಡ್‌ರಾಯ್ಡ್, ನೀವೇ ಅಲ್ವಾ ಬರೆದಿದ್ದು. ಯಾವ ಕೀ ಇಟ್ಟಿದ್ರಿ ಅಂತ ನೆನಪಿಲ್ವಾ?’

ನೀವೇ ಅಲ್ವಾ ಬರೆದಿದ್ದು!

ಏನು ಹೇಳ್ಲಿ? ಕ್ಯಾಸೆಟ್ ಕಂಪನಿಯೋರು ನಕಲು ಮಾಡೋವಾಗ ಕೆಡಿಸಿದ್ರು ಅಂದೆ. ಆಗಿನಿಂದ್ಲೂ ಎಲ್ಲರಿಗೂ ಅದನ್ನೇ ಹೇಳ್ಕೊಂಡು ಬಂದಿದೀನಿ. ಅದಕ್ಕವಳು, ‘ಹೌದಾ, ಹಾಗಿದ್ರೆ ಒಂದು ವಾರ ಕೊಡಿ, ಆಟದ ಒಳಗಿನ ಕೋಡ್ ಬಿಚ್ಚಿ ನೋಡ್ತೀನಿ. ಯಾವ ಕೀ ಕೇಳ್ತಿದೆ ಅಂತ ಗೊತ್ತಾಗುತ್ತೆ, ಒಳಗೆ ಇನ್ನೇನಿದೆ ಅಂತಾನೂ ಗೊತ್ತಾಗುತ್ತೆ. ಮುಂದಿನ ಶನಿವಾರ ತಪ್ಪದೆ ಬನ್ನಿ’ ಅಂದ್ಲು. ನಗ್ತಾ ಹೇಳಿದ್ಲು. ನನಗೆ ಊಟ ಸೇರ್ತಿಲ್ಲ ನಿನ್ನೆಯಿಂದ.

ಅದಕ್ಕೆ ಬಂದೆ. ಅವಳು ಬಿಚ್ಚೋದರೊಳಗೆ ನಾನು ಫೋನ್ ಮಾಡಿ ‘ಅಯ್ಯೋ, ನೆನಪಾಯ್ತು ಕಣಮ್ಮ, ಈ ಕೀ’ ಅನ್ಬೇಕು. ಅಷ್ಟೇ. ಯಾವ ಕೀ ಅಂತ ಹೇಳು. ಹೇಳಿದ ತಕ್ಷಣ ಎದ್ದು ಹೋಗ್ತೀನಿ, ನಿನ್ನ ಆಲೂಗಡ್ಡೇನೂ ಬೇಡ, ಪುಡಿಂಗೂ ಬೇಡ.

...

ಹೇಳಲ್ವಾ?

ನೋಡು, ನಿನಗೆ ಗೊತ್ತಿದೆ ಅಂತ ನನಗೆ ಗೊತ್ತು. ನಾನು ಆಟ ಬರೀತಿದ್ದಾಗ ನೀನೇ ತಾನೇ ಪಕ್ಕದಲ್ಲಿ ಕೂತು ಆಡಿ ಆಡಿ ನೋಡ್ತಿದ್ದೆ...

ಯಾಕೆ ಚಾಕು ನಿಲ್ಲಿಸಿದೆ?

ಏನು? ಏನು ತಪ್ಪು ಹೇಳ್ದೆ? ... ಸರಿ. ನಾವಿಬ್ರೂ ಬರೀತಿದ್ದಾಗ. ಆಯ್ತಾ? ಇಬ್ರೂ. ಹಾಗೆ ನೋಡ್ಬೇಡ ಗ್ಲೆನಿಸ್, ಕೆಂಪು ದೀಪ ದಾಟಿದೋನನ್ನ ಬಸ್ಸಿಂದ ನೋಡೋ ಹಾಗೆ. ಸರಿ, ಸರಿ! ಕೀ ಒತ್ತಿ ಬರೀತಿದ್ದೋಳು ನೀನು. ಒಪ್ಪಿದೆ. ಆದ್ರೆ ಹಾಗ್ ಮಾಡು ಹೀಗ್ ಮಾಡು ಅಂತ ನಾನು ಹೇಳ್ತಿದ್ದೆ. ಹೇಳ್ತಿರ್ಲಿಲ್ವಾ? ದೀಪಸ್ತಂಭ ಯಾರ ಐಡಿಯಾ? ... ನಿಂದಾ? ಗಿಡುಗ? ಗಿಡುಗ ಅಂತೂ ನಂದೇ!

ಗಿಡುಗ ಇಲ್ವೇ ಇಲ್ವಾ ಆಟದಲ್ಲಿ?

ಸರಿ ಬಿಡು. ಈಗ ಅದಲ್ಲ ಮಾತು. ಮಾತು ಬೇರೇನೇ ಇದೆ. ಅದನ್ನ ಕೇಳೋಕೇ ಬಂದೆ ನಾನು, ನಲವತ್ತು ವರ್ಷದಿಂದ ಎದೇಲಿ ಮುಳ್ಳಾಗಿ ಕೂತಿದೆ. ಕ್ಯಾಸೆಟ್ಟಿನ ಕಾಗದದ ಮೇಲೆ ಆಡೋದು ಹೇಗೆ ಅಂತ ಪ್ರಿಂಟ್ ಆಗಿ ಬಂತಲ್ಲ, ‘ಕ್ಯೂ ಮೇಲೆ, ಎ ಕೆಳಗೆ, ಓ ಎಡಕ್ಕೆ, ಪಿ ಬಲಕ್ಕೆ’ ಅಂತ. ನೀನು ಅದನ್ನ ಓದಿದೆ. ಮುಂದಿನ ಕೋಣೇಲಿ, ಕಿಟಕಿ ಹತ್ರ ನಿಂತು, ಎರಡು ಸಲ ಓದಿದೆ. ನಾನು ನೋಡ್ತಿದ್ದೆ. ಅದು ತಪ್ಪು ಅಂತ ನಿನಗೆ ಆ ಕ್ಷಣವೇ ಗೊತ್ತು! ಮಡಚಿ ಪೆಟ್ಟಿಗೆಯೊಳಗೆ ಹಾಕಿ ಮೇಜಿನ ಮೇಲಿಟ್ಟೆ. ತುಟಿ ಪಿಟಿಕ್ ಅನ್ಲಿಲ್ಲ ನೀನು!

ಒಂದೇ ಒಂದು ಮಾತು. ‘ನೆವಿಲ್, ಕೀ ತಪ್ಪಿದೆ.’ ಅಷ್ಟು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಕಂಪನಿಗೆ ಫೋನ್ ಮಾಡ್ತಿದ್ದೆ. ಪತ್ರಿಕೆಯೋನು ‘ಈ ಆಟದಲ್ಲಿ ಪಾರಿವಾಳ ಕೂತಿರುತ್ತೆ, ನೀವೂ ಕೂತಿರ್ತೀರಿ’ ಅಂತ ಬರೀತಿರ್ಲಿಲ್ಲ. ಸ್ಕೂಲಲ್ಲಿ ನನ್ನ ‘ಕೂತ ಹಕ್ಕಿ’ ಅಂತ ಕರೀತಿರ್ಲಿಲ್ಲ. ಎರಡು ವರ್ಷ ಕರೆದ್ರು! ನನ್ನ ಸ್ವಂತ ಅಕ್ಕ ನನಗೆ ಕೈ ಕೊಟ್ಲು. ಹೊರಗಿನೋರು ಕೊಟ್ಟಿದ್ರೆ ಸಹಿಸ್ತಿದ್ದೆ. ಒಂದೇ ತಟ್ಟೇಲಿ ಉಂಡೋಳು, ಒಂದೇ ಟೀವಿ ಮುಂದೆ ಕೂತೋಳು, ನೀನು...

ಏನು? ಏನಂತ ನೋಡ್ತಿದೀಯ?

ಕಾಗದಕ್ಕೆ ಆ ಕೀಗಳನ್ನ ಬರೆದು ಕೊಟ್ಟೋರು ಯಾರು ಅಂತಾನಾ?

... ಕಂಪನಿಯೋರು ಕೇಳಿದ್ರು. ಫೋನಲ್ಲಿ. ‘ಯಾವ್ಯಾವ ಕೀ, ಬೇಗ ಹೇಳಪ್ಪ, ಪ್ರಿಂಟಿಗೆ ಹೋಗ್ತಿದೆ’ ಅಂದ್ರು. ನಾನು ಹದಿನಾಲ್ಕು ವರ್ಷದೋನು. ಎಲ್ಲ ಆಟದಲ್ಲೂ ಅದೇ ತಾನೇ ಇರೋದು! ಕ್ಯೂ ಎ ಓ ಪಿ ಅಂದ್ಬಿಟ್ಟೆ. ನಿನ್ನ ಆಟದಲ್ಲಿ ಮಾತ್ರ ಬೇರೆ ಇರುತ್ತೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?

ನಮ್ಮ ಆಟದಲ್ಲಿ. ನಮ್ಮ ಅಂದೆ.

ನಿನ್ನ ಅಂದ್ನಾ? ... ಬಾಯಿ ತಪ್ಪಿ ಬಂತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನಲ್ಲ ನಾನು, ತಿಳ್ಕೋ. ಒಂದು ಲೋಟ ನೀರು ಕೊಡು. ಬೇಡ ಬಿಡು, ನಾನೇ ಹಿಡ್ಕೋತೀನಿ.

ಅಲ್ಲ, ಯಾರಾದ್ರೂ ಕ್ಯೂ ಎ ಓ ಪಿ ಬಿಟ್ಟು ಆಟ ಬರೀತಾರಾ? ಲೋಕಕ್ಕೆ ಒಂದು ದಾರಿ ಆದ್ರೆ ನಿನಗೊಂದು ದಾರಿ. ನನಗೆ ಆಮೇಲೆ ಹೊಳೀತು ಕಾರಣ. ನಮ್ಮ ಸ್ಪೆಕ್ಟ್ರಮ್ ಮೇಲೆ ಟೀ ಚೆಲ್ಲಿತ್ತಲ್ಲ, ಆ ಬೇಸಿಗೇಲಿ. ಆಮೇಲೆ ನಡುವಿನ ಸಾಲುಗಳ ಕೀಗಳೆಲ್ಲ ಮೊಂಡು ಹಿಡಿದವು. ಹೆಬ್ಬೆರಳು ಹಾಕಿ ಅದುಮಿದ್ರೆ ತಗೊಳ್ಳೋವು, ಬರೆಯೋಕೆ ಹೇಗೋ ಸಾಕು, ಆದ್ರೆ ಆಟದ ಅವಸರಕ್ಕೆ ಸಾಲ್ತಿರ್ಲಿಲ್ಲ. ಹಾಗಾಗಿ ನೀನು ಟೀ ತಾಗದೇ ಇರೋ ಕೀ ಯಾವುದೋ ಹುಡುಕಿ ಇಟ್ಟಿದೀಯ. ಅಷ್ಟು ನನಗೂ ತಿಳಿಯುತ್ತೆ, ಅಷ್ಟೇನೂ ಬೆಪ್ಪುತಕ್ಕಡಿ ಅಲ್ಲ. ಹಾಗೆ ನೋಡಿದ್ರೆ ಟೀ ಚೆಲ್ಲಿದೋಳು ನೀನೇ, ಎಲ್ಲದಕ್ಕೂ ಮೂಲ...

...

ಹೌದು, ನಾನೇ ಚೆಲ್ಲಿದ್ದು. ಆಯ್ತಾ? ಅಪ್ಪನ ಹತ್ರ ನೀನು ಅಂತ ಹೇಳ್ದೆ. ಬೈಗುಳ ನೀನು ತಿಂದೆ. ಆಗ್ಲೂ ಬಾಯಿ ಬಿಡ್ಲಿಲ್ಲ. ನಿನ್ನ ಈ ಮೌನ ಇದೆಯಲ್ಲ ಅಕ್ಕ, ಇದರ ಎದುರು ಕೂತು ಕೂತು ನಾನು ಅರ್ಧ ಸತ್ತೆ ಚಿಕ್ಕಂದಿನಿಂದ. ಬೈದಿದ್ರೆ ಬೈದು ಮುಗಿಸ್ತಿದ್ದೆ. ಹೊಡೆದಿದ್ರೆ ನೋವು ಎರಡು ದಿನ. ನೀನು ಸುಮ್ನಿರ್ತೀಯ, ಸುಮ್ನಿದ್ದು ನಮ್ಮ ಮೇಲೇ ಬಿಡ್ತೀಯ.

ಅಪ್ಪನ ವಿಷಯ ತೆಗೀಬಾರ್ದು ಅಂತಾನೇ ಬಂದಿದ್ದೆ. ತೆಗೀತೀನಿ ಈಗ. ಒಂದು ವರ್ಷ ನಡೆದ ಗಣಿ ಮುಷ್ಕರ ಸೋತು, ಅಪ್ಪ ತಲೆ ತಗ್ಗಿಸ್ಕೊಂಡು ಕೆಲಸಕ್ಕೆ ಹೋದ ವಾರ ಅದು. ಪರ್ಲ್ ಅಂತೂ ಆ ಹಿಂದಿನ ಬೇಸಿಗೇಲೇ ಹೋಗಿದ್ಲು, ಫ್ರಾನ್ಸಿಂದ ಬಿಟ್ಟ ಪಾರಿವಾಳದ ಪಂದ್ಯದಲ್ಲಿ ಹಾರಿದೋಳು ಬರ್ಲೇ ಇಲ್ಲ. ಅಪ್ಪ ಹಿತ್ತಲಲ್ಲಿ, ಹಕ್ಕಿ ಗೂಡಿಗೆ ಬಂದ ಹೊತ್ತು ಗುರುತು ಹಾಕೋ ಆ ಪಂದ್ಯದ ಗಡಿಯಾರ ಮಡಿಲಲ್ಲಿ ಇಟ್ಕೊಂಡು, ಆಕಾಶ ನೋಡ್ತಾ, ಮೂರು ದಿನ ಕೂತಿದ್ದ. ಅಮ್ಮ ಸತ್ತಾಗ್ಲೂ ಅಷ್ಟು ಹೊತ್ತು ಕೂತಿರ್ಲಿಲ್ಲ ಅಂತ ಅತ್ತೆ ಆಡ್ಕೊಂಡಿದ್ಲು.

ಆ ವಾರಾನೇ ಕಂಪನಿಯಿಂದ ಕ್ಯಾಸೆಟ್ಟಿನ ಡಬ್ಬಿ ಬಂತು. ಅಪ್ಪ ಒಂದು ಕ್ಯಾಸೆಟ್ ಕೈಗೆತ್ಕೊಂಡು, ಬೆಳಕಿಗೆ ಹಿಡಿದು, ‘ಇದನ್ನ ಮಾಡಿದ್ದು ಯಾರು?’ ಅಂತ ಕೇಳಿದ. ನೀನು ಬಾಗಿಲಲ್ಲಿ ನಿಂತಿದ್ದೆ, ಕಲ್ಲಿದ್ದಲ ಬಕೆಟ್ಟು ಹಿಡ್ಕೊಂಡು. ನಾನೇ ಮುಂದೆ ಬಿದ್ದು ‘ನಾನು’ ಅಂದೆ. ನಾನು ಅಂದೆ.

ಅಪ್ಪ ನಕ್ಕ. ಒಂದು ವರ್ಷ ಆಗಿತ್ತು ಆ ಮುಖದಲ್ಲಿ ನಗು ನೋಡಿ. ನನ್ನ ತಲೆ ಮೇಲೆ ಕೈ ಇಟ್ಟು, ‘ಇವನು ಗಣಿಗೆ ಇಳಿಯೋದು ಬೇಡ’ ಅಂದ. ನೀನು ಬಕೆಟ್ಟು ಒಲೆ ಪಕ್ಕ ಇಟ್ಟು ಆಚೆ ಹೋದೆ.

ನೀನು ಆಗ ಹೇಳ್ಬಹುದಿತ್ತು! ‘ಅಪ್ಪಾ, ಸುಳ್ಳು, ಅದು ನಂದು’ ಅಂದಿದ್ರೆ? ನಾನು ಅಲ್ಲೇ ಒಪ್ಕೋತಿದ್ದೆ. ಅಳ್ತಿದ್ದೆ, ಒಪ್ಕೋತಿದ್ದೆ. ಹೇಳ್ಲಿಲ್ಲ. ನನ್ನ ಸುಳ್ಳಿನೊಳಗೆ ನನ್ನನ್ನೇ ಬಿಟ್ಟು ಬೀಗ ಹಾಕ್ಕೊಂಡು ಹೋದೆ.

ಹೌದು. ಕೇಳಿಸ್ತು ನನಗೂ, ನಾನು ಏನಂದೆ ಅಂತ. ಅದು ನಿಂದು ಅಂದೆ.

ಪ್ರೋಗ್ರಾಮಿನ ಮೊದಲನೇ ಸಾಲು ಬದಲಾಯಿಸೋದು ನನಗೂ ಬರ್ತಿತ್ತು. ಹೆಸರಿದ್ದ ಒಂದು ಸಾಲು. ಅಷ್ಟೇ ನಾನು ಬರೆದಿದ್ದು ಆ ಆಟದಲ್ಲಿ. ಒಳಗಿಂದು ಒಂದಕ್ಷರ ಅರ್ಥ ಆಗ್ತಿರ್ಲಿಲ್ಲ, ಬರೀ ಅಂಕಿ. ನೀನು ಟೈಪಿಂಗ್ ಪರೀಕ್ಷೆಗೆ ಅಂತ ಷೆಫೀಲ್ಡಿಗೆ ಹೋದ ದಿನ ಕ್ಯಾಸೆಟ್ಟಿನ ನಕಲು ಮಾಡಿ ಕಂಪನಿಗೆ ಅಂಚೇಲಿ ಕಳಿಸ್ದೆ. ಒಂದು ಸಲಾನಾದ್ರೂ ಆಡಿ ನೋಡಿದ್ನಾ? ಇಲ್ಲ. ಅವಸರ. ನೀನು ಅಪ್ಪನ ಹುಟ್ಟುಹಬ್ಬಕ್ಕೆ ತೋರಿಸ್ಬೇಕು ಅಂತ ಇಟ್ಕೊಂಡಿದ್ದೆ ಅಂತಾನೂ ಗೊತ್ತಿತ್ತು ನನಗೆ. ಗೊತ್ತಿತ್ತು.

ಆದ್ರೂ... ಆದ್ರೂ ಅಕ್ಕ, ನನ್ನ ಮೇಲೆ ಸಿಟ್ಟಿದ್ರೆ ನನ್ನ ಮೇಲೆ ತೀರಿಸ್ಕೋ. ಅಪ್ಪ ಏನ್ ಮಾಡಿದ್ದ? ಭಾನುವಾರ ಊಟ ಆದ್ಮೇಲೆ, ಕನ್ನಡಕ ಹಾಕ್ಕೊಂಡು, ಕಾಗದ ಮೊಣಕಾಲ ಮೇಲೆ ಇಟ್ಕೊಂಡು, ಆ ದಪ್ಪ ಬೆರಳಲ್ಲಿ ಕ್ಯೂ... ಎ... ಓ... ಪಿ. ಪರ್ಲ್ ಕೂತೇ ಇರೋಳು. ‘ಇವಳಿಗೆ ಇವತ್ತೂ ಮನೆಗೆ ಬರೋ ಮನಸ್ಸಿಲ್ಲ ಕಣೋ’ ಅಂತ ಎದ್ದು ಹೋಗೋನು. ಎಷ್ಟು ಭಾನುವಾರ! ನೀನು ಪಾತ್ರೆ ತೊಳೀತಾ ಇರ್ತಿದ್ದೆ. ನಿನ್ನ ಹತ್ರ ಮೂಲ ಕ್ಯಾಸೆಟ್ ಇತ್ತು, ಕೀ ಗೊತ್ತಿತ್ತು. ಒಂದೇ ಒಂದು ಸಲ ಅಪ್ಪನ ಪಕ್ಕ ಕೂತು ಪರ್ಲ್‌ನ ಮನೆಗೆ ತಂದು ತೋರಿಸೋಕೆ ನಿನಗೆ ಏನಾಗಿತ್ತು? ನಾನಿಲ್ಲದಾಗ್ಲಾದ್ರೂ ತೋರಿಸಿದ್ಯಾ?

ತಲೆ ಆಡಿಸ್ಬೇಡ, ಬಾಯಲ್ಲಿ ಹೇಳು. ತೋರಿಸಿದ್ಯಾ ಇಲ್ವಾ?

ಇಲ್ಲ.

ಅಪ್ಪ ಎದೆ ಕಟ್ಟಿ ಆಸ್ಪತ್ರೇಲಿ ಮಲಗಿದಾಗ್ಲೂ ಪಕ್ಕದ ಹಾಸಿಗೆಯೋನಿಗೆ ‘ನನ್ನ ಮಗ ಆಟ ಮಾಡಿದಾನೆ’ ಅಂತಿದ್ದ. ಕೇಳಿಸ್ಕೊಂಡು ದಿಂಬು ಸರಿಮಾಡ್ತಿದ್ದೆ ನೀನು. ಎಂಥ ಕಲ್ಲು ಗ್ಲೆನಿಸ್ ನೀನು! ನಾನು ಕಳ್ಳ, ಸರಿ, ಒಪ್ಪಿದೆ. ಆದ್ರೆ ಮುದುಕನಿಗೆ ಅವನ ಹಕ್ಕಿ ಮನೆಗೆ ಬರೋದನ್ನ ನೋಡೋಕೆ ಬಿಡ್ಲಿಲ್ವಲ್ಲ, ಅದಕ್ಕೆ ಏನಂತಾರೆ?

...

ಯಾಕೆ ಕೈ ಒರೆಸ್ಕೋತಿದೀಯ?

ಕೂರ್ತೀಯಾ? ಕೂರು, ಕೂರು. ಕುರ್ಚಿ... ತಗೋ. ಕನ್ನಡಕ ಬೇಕಾ? ತಾಳು, ಆನ್ ಮಾಡ್ತೀನಿ. ಇದೇ ಎಮ್ಯುಲೇಟರು. ನೋಡು, ಕ್ಯಾಸೆಟ್ ಓಡ್ತಿದೆ, ಸದ್ದು ಕಡಿಮೆ ಮಾಡ್ತೀನಿ. ... ಜಾಸ್ತೀನೇ ಇರ್ಲಾ? ಸರಿ.

ಆ ಹೆಸರು ಬರುತ್ತೆ ಈಗ ಪರದೆ ಮೇಲೆ. ನೋಡ್ಬೇಡ. ಬೇಗ ಹೋಗುತ್ತೆ.

ಹೋಯ್ತು.

ಬಂದ್ಲು ನೋಡು. ಈಗ ಯಾವ ಕೀ? ... ಅಲ್ಲೆಲ್ಲಿಗೆ ಹೋಗ್ತಿದೀಯ? ಅದು ಸೆಟ್ಟಿಂಗು, ಅಲ್ಲಿ ಕೈ ಹಾಕ್ಬೇಡ, ಏನಾದ್ರೂ ಆದ್ರೆ ನನಗೆ ಸರಿ ಮಾಡೋಕೆ ಬರಲ್ಲ. ಹಾಂ, ಅದು ಹಳೇ ಕೀಬೋರ್ಡಿನ ಚಿತ್ರ. ಅಲ್ಲಿನ ಯಾವ ಕೀ ಇಲ್ಲಿ ಯಾವುದು ಅಂತ ಹೊಂದಿಸೋದು. ಏನ್ ಹುಡುಕ್ತಿದೀಯ? ಬಲಗಡೆ ಕೆಳಗಿನ ಸಾಲಲ್ಲಾ? ಆ ಎರಡನೇ ಶಿಫ್ಟಾ? ಹೌದು, ನಮ್ಮ ಸ್ಪೆಕ್ಟ್ರಮ್‌ನಲ್ಲಿ ಎಡಗಡೆ ಒಂದು ಶಿಫ್ಟು, ಬಲಗಡೆ ಇನ್ನೊಂದು ಬೇರೆ ಥರದ್ದು ಇತ್ತು. ಈಗಿನ ಕೀಬೋರ್ಡಲ್ಲಿ ಅದಿಲ್ಲ, ಕಂಟ್ರೋಲ್ ಕೀಗೆ ಕಟ್ಟಿರ್ತಾರೆ. ಅದನ್ನ ಯಾಕೆ ಬಲಗಡೆ ಶಿಫ್ಟಿಗೆ ತಂದೆ? ಶಿಫ್ಟು ಒಂದೇ ಯಾರು ಒತ್ತುತ್ತಾರೆ ಅಕ್ಕ, ಅದು ಇನ್ನೊಂದು ಕೀ ಜೊತೆ...

ಅಯ್ಯೋ.

ಒಂದು ರೆಕ್ಕೆ. ಅದು... ನಿನ್ನೆ ಮೊಣಕೈ ಬಿದ್ದಾಗ್ಲೂ ಅದೇ ರೆಕ್ಕೆ!

ಎಡಕ್ಕೊಂದು, ಬಲಕ್ಕೊಂದು. ಎರಡು ಶಿಫ್ಟು, ಎರಡು ರೆಕ್ಕೆ. ಟೀ ಕೆಳಗಿನ ಸಾಲಿನ ಆ ಎರಡು ತುದೀಗೂ ಹೋಗಿರ್ಲಿಲ್ಲ, ಅಲ್ವಾ? ಎದ್ಲು! ಗ್ಲೆನಿಸ್, ಎದ್ಲು ನೋಡು! ಅಯ್ಯೋ ಈ ಪೆಟ್ಟಿಗೆ ಮತ್ತೆ ಬಂತು, ಟಣ್ ಅಂತ, ತಾಳು, ತೆಗೀತೀನಿ... ಇನ್ನು ಬರಲ್ಲ. ಹಾರ್ಸು. ಹಾರ್ಸು ಅಕ್ಕ. ಗಾಳಿ ಆ ಕಡೆಯಿಂದ, ಎಡ ರೆಕ್ಕೆ ಜಾಸ್ತಿ... ನಾನು ಸುಮ್ನಿರ್ತೀನಿ. ನಿನ್ನ ಕೈ ಮರೆತೇ ಇಲ್ವಲ್ಲ. ಬಸ್ಸಿನ ಸ್ಟೀರಿಂಗ್ ಹಿಡಿದ ಹಾಗೆ, ನೋಡ್ದೇನೇ...

ಸಮುದ್ರ ದಾಟಿದ್ಲು. ಇಷ್ಟೆಲ್ಲ ಇತ್ತಾ ಇದರಲ್ಲಿ? ಅದು ನಮ್ಮ ಗಣಿ ಗೋಪುರ. ಅದು ನಮ್ಮ ಬೀದಿ! ತೊಳೆದ ಬಟ್ಟೆ ಒಣಹಾಕಿದೆ... ಅದು ಹಿತ್ತಲು. ಹಿತ್ತಲಲ್ಲಿ ಕೂತಿರೋದು... ಮಡಿಲಲ್ಲಿ ಗಡಿಯಾರ. ಅಪ್ಪನ್ನ ಹಾಕಿದೀಯ.

ಬಂದ್ಲು. ಗೂಡಿಗೆ ಬಂದ್ಲು ಪರ್ಲ್.

ಅಕ್ಷರ ಏನೋ ಬರ್ತಿದೆ. ನನಗೆ ಮಸುಕು ಮಸುಕು, ನೀನು ಓದು... ಓದಲ್ವಾ? ‘ಪರ್ಲ್ ಮನೆಗೆ ಬಂದಳು. ಅಪ್ಪನಿಗೆ, ಹುಟ್ಟುಹಬ್ಬಕ್ಕೆ.’ ಕೆಳಗೆ... ‘ಮಾಡಿದವರು ಗ್ಲೆನಿಸ್ ಮತ್ತು ನೆವಿಲ್.’

ಮತ್ತು ನೆವಿಲ್?

ಇದು... ಇದು ನಾನು ಕದಿಯೋಕೆ ಮುಂಚೇನೇ ಇತ್ತಾ? ನೀನು ಆಗ್ಲೇ ನನ್ನ ಹೆಸರು ಹಾಕಿದ್ಯಾ? ಕೇಳ್ದೇನೇ ಇಬ್ರದ್ದೂ ಹಾಕಿಟ್ಟಿದ್ಯಾ?

ಇದಕ್ಕೇನಾ ಅಪ್ಪನಿಗೆ ತೋರಿಸ್ದೇ ಇದ್ದಿದ್ದು? ತೋರಿಸಿದ್ರೆ ಇದು ಬರ್ತಿತ್ತು. ಇದು ಬಂದ್ರೆ, ‘ನಾನು’ ಅಂತ ಒಬ್ಬನೇ ಅಂದೋನು ಸುಳ್ಳ ಅಂತ ಅಪ್ಪನಿಗೆ ಗೊತ್ತಾಗ್ತಿತ್ತು. ನನ್ನ ತಲೆ ಮೇಲಿನ ಕೈ ತೆಗೀತಿದ್ದ. ಅದಕ್ಕೇನಾ? ಅಷ್ಟೂ ಭಾನುವಾರ?

ಬೇಡ, ಎದ್ದು ಹೋಗ್ಬೇಡ. ಆಲೂಗಡ್ಡೆ ಇರ್ಲಿ. ಒಂದು ಸಲ ಬೈಯಿ. ಒಂದೇ ಒಂದು ಸಲ ಬಾಯಿ ತುಂಬ ಬೈದುಬಿಡು ನನ್ನ, ನಿನ್ನ ಕಾಲಿಗೆ ಬೀಳ್ತೀನಿ...

ನನ್ನ ಹೆಸರು ಯಾಕೆ ಹಾಕ್ದೆ ಅಕ್ಕಾ? ನಾನೇನ್ ಮಾಡಿದ್ದೆ ಅದರಲ್ಲಿ? ನೀನು ಬರೀತಾ ಕೂತಾಗ ದಿನಾ ಟೀ ತಂದು ಕೊಡ್ತಿದ್ದೆ. ಅಷ್ಟೇ ನಾನು ಮಾಡಿದ್ದು. ಅದನ್ನೂ ಚೆಲ್ಲಿದ್ದೆ.